ಪಾಠಶಾಲೆಯ ಬಯಲೂ ಊರಿನ ಜನರೂ

ಹೋದ ವರ್ಷದ ರಾಜ್ಯೋತ್ಸವಕ್ಕೆ ಹದಿನೈದು ದಿನ ಮುಂಚೆ ಮಕ್ಕಳಿಗಾಗಿ ಓಟ, ಲಗೋರಿ, ಕಬಡ್ಡಿ, ಹಗ್ಗ ಜಗ್ಗಾಟಗಳನ್ನು ಏರ್ಪಡಿಸಬೇಕೆಂದು ಸಂಘದ ಸಭೆಯಲ್ಲಿ ನಿಶ್ಚಯವಾಯಿತು. ಬಹುಮಾನಕ್ಕೆ ಹಣ ಕೊಡುವ ಮಹನೀಯರು ದೊರೆತರು. ತೀರ್ಪುಗಾರರಾಗಲು ಹಿರಿಯರಿಬ್ಬರು ಒಪ್ಪಿದರು. ಮಕ್ಕಳ ಹೆಸರುಗಳ ಪಟ್ಟಿಯೂ ಎರಡೇ ದಿನದಲ್ಲಿ ತುಂಬಿತು. ದೊರೆಯದೆ ಹೋದದ್ದು ಬಯಲೊಂದೇ. ಭಾನುವಾರ ಬೆಳಿಗ್ಗೆ ನಾವು ಮೂವರು ಮಲ್ಕಾಜ್‌ಗಿರಿಯಿಂದ ಹೊರಟು ಆನಂದಬಾಗ್, ಸಫಿಲ್‌ಗುಡ, ನೇರೇಡ್‌ಮೆಟ್‌ಗಳನ್ನೆಲ್ಲ ಸುತ್ತಿ ಬಂದೆವು. ಖಾಲಿ ನಿವೇಶನ ಕಂಡಲ್ಲೆಲ್ಲ ಇಟ್ಟಿಗೆ, ಮರಳು, ಕಬ್ಬಿಣದ ಸರಳುಗಳ ರಾಶಿಯೂ ಕಂಡಿತು.

ಕಡೆಗೆ ಒಂದು ಪಾಠಶಾಲೆಯ ಮುಂದೆ ನಿಂತೆವು. ಅದರ ಹೆಸರು ಇಲ್ಲಿ ಬೇಡ. ಒಳಗೆ ಎಕರೆಗೂ ಮಿಕ್ಕ ಬಯಲು. ಅದರ ತುಂಬ ಸೊಂಟದುದ್ದ ಕಾಂಗ್ರೆಸ್ ಗಿಡ. ಒಂದು ಮೂಲೆಯಲ್ಲಿ ಬಳೆ ಕಳಚಿಹೋದ ಬ್ಯಾಸ್ಕೆಟ್‌ಬಾಲ್ ಕಂಬ. ಗೇಟಿಗೆ ದೊಡ್ಡ ಬೀಗ. ಗೋಡೆಯ ಈಚೆ, ರಸ್ತೆಯ ಮೇಲೆ, ಏಳೆಂಟು ಹುಡುಗರು ಕಲ್ಲುಗಳನ್ನು ವಿಕೆಟ್ ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದರು. ಆಟೋ ಬಂದಾಗ ಆಟ ನಿಲ್ಲುತ್ತಿತ್ತು. ಚೆಂಡು ಗೋಡೆ ದಾಟಿದರೆ ಅವರಲ್ಲಿ ಸಣ್ಣವನನ್ನು ಹೆಗಲ ಮೇಲೆ ಹತ್ತಿಸಿ ಒಳಕ್ಕೆ ಇಳಿಸುತ್ತಿದ್ದರು. ಕಾವಲುಗಾರನನ್ನು ಕೇಳಿದೆವು. ಚಾಬಿ ದೊಡ್ಡವರ ಹತ್ತಿರ ಇದೆ, ದೊಡ್ಡವರು ಸೋಮವಾರ ಬರುತ್ತಾರೆ ಎಂದ. ಸೋಮವಾರ ಹೋದರೆ, ಹೊರಗಿನವರಿಗೆ ಕೊಡುವ ಪದ್ಧತಿ ಇಲ್ಲವೆಂದು ಉತ್ತರ ಬಂದಿತು. ಕೊನೆಗೆ ತಾಸಿನ ಲೆಕ್ಕದಲ್ಲಿ ಬಾಡಿಗೆ ಕೊಟ್ಟು, ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದ ಬಲೆಯೊಳಗಿನ ಮೈದಾನದಲ್ಲಿ ಪಂದ್ಯಗಳನ್ನು ಮುಗಿಸಿದೆವು. ಓಟ ಅರ್ಧವಾಗಿರುವಾಗಲೇ ಮುಂದಿನ ತಾಸಿನವರು ಬಂದು ಬಾಗಿಲಲ್ಲಿ ನಿಂತಿದ್ದರು.

ಶಾಲೆ ಬಿಟ್ಟ ಮೇಲೆ ಶಾಲೆಯ ಬಯಲು ಯಾರದು ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಕಾಡಿತು. ನಾವು ಓದಿದ್ದು ಲೆಕ್ಕಪತ್ರದ ವಿದ್ಯೆ, ಚರಿತ್ರೆಯಲ್ಲ. ಆದರೂ ಈ ಪಟ್ಟಣದಲ್ಲಿಯೂ ನಮ್ಮ ಕನ್ನಡನಾಡಿನಲ್ಲಿಯೂ ಹಿಂದಿನವರು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡರೆಂದು ಬಿಡುವಿನ ವೇಳೆಯಲ್ಲಿ ಹುಡುಕಿ ಓದಿದೆವು. ಕಂಡುಬಂದುದನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ನಮ್ಮ ಹಳ್ಳಿಗಳಲ್ಲಿ ಮೊದಲು ಪಾಠಶಾಲೆಗೆಂದು ಬೇರೆ ಬಯಲು ಇರಲಿಲ್ಲ. ಐಗಳ ಮಠ ಗುಡಿಯ ಜಗಲಿಯ ಮೇಲೋ ಚಾವಡಿಯಲ್ಲೋ ನಡೆಯುತ್ತಿತ್ತು. ಆಟಕ್ಕೆ ಊರ ಮುಂದಿನ ಬಯಲು ಇದ್ದಿತು. ಮೈ ಬೆಳೆಸಲು ಗರಡಿಮನೆ. ಗರಡಿಯ ವ್ಯವಸ್ಥೆ ಮಾತ್ರ ವಿಚಾರ ಮಾಡತಕ್ಕದ್ದು. ಅಲ್ಲಿಯ ಕೆಮ್ಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ಎಣ್ಣೆ ಅರಿಶಿನ ಬೆರೆಸಿ ಹದಮಾಡುವುದು ಯಾವ ಸರಕಾರದ ಕೆಲಸವೂ ಆಗಿರಲಿಲ್ಲ. ಆಡುವವರೇ ಮಣ್ಣು ತಿರುವಬೇಕು, ತಿರುವಿದ ಮೇಲೆಯೇ ಆಡಬೇಕು. ದೀಪದ ಎಣ್ಣೆಯನ್ನು ಓಣಿಯವರು ಸರದಿಯ ಮೇಲೆ ಕೊಡುತ್ತಿದ್ದರು. ಮುಂದೆ ಇಂಗ್ಲಿಷ್ ಪದ್ಧತಿಯ ಶಾಲೆಗಳು ಬಂದಾಗ ಡ್ರಿಲ್ ಬಂದಿತು, ಡ್ರಿಲ್ಲಿನೊಂದಿಗೆ ಕಾಂಪೌಂಡು ಬಂದಿತು. ಬಯಲು ಊರಿನದಾಗಿದ್ದುದು ಇಲಾಖೆಯದಾಯಿತು. ಮಣ್ಣು ತಿರುವುವ ಜವಾಬ್ದಾರಿ ಯಾರದೂ ಆಗದೆ ಉಳಿಯಿತು. ಇಂದಿನ ತೊಡಕಿನ ಬೇರು ಅಲ್ಲಿದೆಯೆಂದು ನಮಗೆ ತೋರುತ್ತದೆ.

ಆದರೆ ಹೈದರಾಬಾದು ಸಂಸ್ಥಾನದ ಚರಿತ್ರೆಯಲ್ಲಿ ಪಾಠಶಾಲೆ ಎಂಬುದು ಬರಿಯ ಪಾಠದ ಸ್ಥಳವಾಗಿರಲಿಲ್ಲ. ನಮ್ಮ ಮಲ್ಕಾಜ್‌ಗಿರಿಗೆ ಸಮೀಪದ ಸಿಕಂದರಾಬಾದಿನಲ್ಲಿ ೧೮೬೨ರಲ್ಲಿ ಆರಂಭವಾದ ಮಹಬೂಬ್ ಕಾಲೇಜು ಎಂಬ ಶಾಲೆ ಉಂಟು. ಸ್ವಾಮಿ ವಿವೇಕಾನಂದರು ಅಮೆರಿಕಕ್ಕೆ ಹೊರಡುವ ಮುನ್ನ, ೧೮೯೩ನೆಯ ಇಸವಿ ಫೆಬ್ರವರಿ ೧೩ರಂದು, ಸುಮಾರು ಸಾವಿರ ಜನರ ಮುಂದೆ ಭಾಷಣ ಮಾಡಿದುದು ಆ ಶಾಲೆಯಲ್ಲಿ. ಹೈದರಾಬಾದು ಪಟ್ಟಣದಲ್ಲಿ ಮರಾಠಿ ಬಾಂಧವರು ೧೯೦೭ರಲ್ಲಿ ಸ್ಥಾಪಿಸಿದ ವಿವೇಕವರ್ಧಿನಿ ಶಾಲೆಯ ಆವರಣದಲ್ಲಿ ೧೯೨೧ರ ನವೆಂಬರಿನಲ್ಲಿ ಮಹರ್ಷಿ ಕರ್ವೆಯವರ ಅಧ್ಯಕ್ಷತೆಯಲ್ಲಿ ಸಮಾಜ ಸುಧಾರಣಾ ಪರಿಷತ್ತು ಸೇರಿತು. ತೆಲುಗಿನಲ್ಲಿ ಮಾತನಾಡಲು ಎದ್ದವರೊಬ್ಬರನ್ನು ಸಭಿಕರು ಗಲಾಟೆ ಮಾಡಿ ಕೂಡಿಸಿದರು. ಆ ಅವಮಾನದಿಂದಲೇ ಆಂಧ್ರ ಜನಸಂಘ ಹುಟ್ಟಿತು. ಒಂದು ಭಾಷೆಯವರ ಸಂಘಟನೆಗೆ ಇನ್ನೊಂದು ಭಾಷೆಯವರ ಶಾಲೆಯ ಅಂಗಳ ನಿಮಿತ್ತವಾದುದು ವಿಚಿತ್ರವಲ್ಲವೆ? ಹೊರನಾಡಿನಲ್ಲಿ ಭಾಷೆಯ ಸಂಘ ಕಟ್ಟಿಕೊಂಡಿರುವ ನಾವು ನೆನಪಿಡತಕ್ಕ ಸಂಗತಿ ಇದು.

ಇದಕ್ಕೆ ಕಾರಣವೂ ಇದ್ದಿತು. ನಿಜಾಮರ ಆಳಿಕೆಯಲ್ಲಿ ಸಾರ್ವಜನಿಕ ಸಭೆ ಸೇರಲು ಅಪ್ಪಣೆ ಬೇಕಾಗಿತ್ತು. ಖಾಸಗಿ ಶಾಲೆ ತೆರೆಯಲು ಅಪ್ಪಣೆ ಬೇಕಾಗಿತ್ತು. ಗರಡಿಮನೆಗಳ ಮೇಲೂ ನಿರ್ಬಂಧವಿದ್ದಿತು. ೧೯೩೮-೩೯ರಲ್ಲಿ ಆರ್ಯಸಮಾಜದವರು ನಡೆಸಿದ ಸತ್ಯಾಗ್ರಹದ ಹಿಂದೆ ಈ ನಿರ್ಬಂಧಗಳ ಮೇಲಿನ ಅಸಮಾಧಾನವೂ ಇದ್ದಿತು. ಹೀಗಿರುವಾಗ, ಕಷ್ಟಪಟ್ಟು ಅಪ್ಪಣೆ ಪಡೆದು ತೆರೆದ ಒಂದು ಶಾಲೆಯ ಅಂಗಳವೇ ಜನರಿಗೆ ಸಭೆ, ವ್ಯಾಯಾಮ, ನಾಟಕ, ಉತ್ಸವ ಎಲ್ಲಕ್ಕೂ ಆಸರೆಯಾದುದು ಸಹಜ. ಅದೇ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಕನ್ನಡ ಜಿಲ್ಲೆಗಳಲ್ಲಿ ೧೯೦೭ರಲ್ಲಿ ಹುಟ್ಟಿದ ಕಲಬುರ್ಗಿಯ ನೂತನ ವಿದ್ಯಾಲಯವಾಗಲಿ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆಯಾಗಲಿ, ಇಂಥ ಕಾಲದಲ್ಲಿ ಬೆಳೆದುವು. ಬೀದರ, ಕಲಬುರ್ಗಿ, ರಾಯಚೂರುಗಳಿಂದ ಬಂದು ಇಲ್ಲಿ ನೆಲೆಸಿದ ಹಳೆಯ ಮನೆತನದವರಿಗೆ ಇದು ಹೊಸ ಮಾತಲ್ಲ.

ಇನ್ನು ಆಟದ ಕಡೆಗೆ ಬರೋಣ. ದಕ್ಷಿಣ ಹಿಂದೂಸ್ಥಾನದ ಶಾಲೆಗಳಲ್ಲಿ ಡ್ರಿಲ್ಲಿಗೆ ಬದಲಾಗಿ ಆಟ ಬೇರೂರಲು ಮುಖ್ಯವಾಗಿ ಶ್ರಮಿಸಿದವರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಮಹನೀಯರು. ಇವರು ೧೯೨೦ರಲ್ಲಿ ಮದರಾಸಿನಲ್ಲಿ ವೈ. ಎಂ. ಸಿ. ಎ. ವತಿಯಿಂದ ವ್ಯಾಯಾಮ ಶಿಕ್ಷಕರ ತರಬೇತಿ ಶಾಲೆಯನ್ನು ತೆರೆದರು. ಬಕ್ ಅವರು ಓದಿದ್ದು ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ೧೮೯೧ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಬ್ಯಾಸ್ಕೆಟ್‌ಬಾಲ್ ಆಟವನ್ನು ರಚಿಸಿದುದು ಅದೇ ಊರಿನ ಅದೇ ವಿದ್ಯಾಲಯದಲ್ಲಿ. ನಾಲ್ಕು ವರ್ಷಗಳ ಮೇಲೆ ವಾಲಿಬಾಲ್ ಹುಟ್ಟಿತು. ಈ ಎರಡು ಆಟಗಳೂ ಇಕ್ಕಟ್ಟಾದ ಸ್ಥಳದಲ್ಲಿ ಆಡಲೆಂದೇ ಯೋಚಿಸಿ ಮಾಡಿದವು. ನಮ್ಮ ಪಟ್ಟಣದ ಶಾಲೆಗಳಿಗೆ ಇದು ಎಷ್ಟು ಅನುಕೂಲವೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಪೂರ್ಣ ಅಳತೆಯ ಫುಟ್‌ಬಾಲ್ ಮೈದಾನ ೧೦೫ ಮೀಟರ್ ಉದ್ದ, ೬೮ ಮೀಟರ್ ಅಗಲ. ಅದಕ್ಕೇ ಒಂದೂ ಮುಕ್ಕಾಲು ಎಕರೆ ಹೋಯಿತು. ಬ್ಯಾಸ್ಕೆಟ್‌ಬಾಲ್ ಅಂಕಣ ೨೮ಕ್ಕೆ ೧೫ ಮೀಟರ್. ವಾಲಿಬಾಲ್ ೧೮ಕ್ಕೆ ೯. ಗಂಡಸರ ಕಬಡ್ಡಿ ೧೩ಕ್ಕೆ ೧೦. ಈ ಮೂರನ್ನೂ ಹಾಕಿ, ಸುತ್ತ ಬಿಡಬೇಕಾದ ಜಾಗವನ್ನು ಸೇರಿಸಿದರೂ ಒಂದು ಎಕರೆಯಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಖರ್ಚು. ಉಳಿದುದರಲ್ಲಿ ಸಣ್ಣ ಮಕ್ಕಳ ಓಟಕ್ಕೂ ಮುದುಕರ ನಡಿಗೆಗೂ ಧಾರಾಳವಾಗಿ ಸ್ಥಳವಾಗುತ್ತದೆ. ನಮ್ಮ ಬಡಾವಣೆಗಳ ಶಾಲೆಗಳಲ್ಲಿ ಜಾಗವೇ ಇಲ್ಲವೆನ್ನುವವರು ಒಮ್ಮೆ ಟೇಪು ಹಿಡಿದು ನೋಡಬೇಕು.

ಹೈದರಾಬಾದಿನಲ್ಲಿ ಆಟಗಾರರಿಗೇನೂ ಕೊರತೆ ಇರಲಿಲ್ಲ. ರಣಜಿ ಪಂದ್ಯಗಳಲ್ಲಿ ಮೊಟ್ಟಮೊದಲ ಶತಕ ಹೊಡೆದವರು ಇಲ್ಲಿಯ ಸೈಯದ್ ಮೊಹಮ್ಮದ್ ಹಾದಿ. ಇವರು ಡೇವಿಸ್ ಕಪ್ ಟೆನಿಸ್ಸಿನಲ್ಲಿಯೂ ದೇಶದ ಪರವಾಗಿ ಆಡಿದ್ದರು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದವರು ಶಾಲಾ ಮಾಸ್ತರರಾದ ಸೈಯದ್ ಅಬ್ದುಲ್ ರಹೀಮ್ ಸಾಹೇಬರು. ೨೦೨೪ರಲ್ಲಿ ಬಂದ ಹಿಂದಿ ಚಲನಚಿತ್ರ ನೋಡಿದವರಿಗೆ ಇವರ ಹೆಸರು ಗೊತ್ತು. ಚಿತ್ರದಲ್ಲಿ ದೊಡ್ಡ ಕ್ರೀಡಾಂಗಣಗಳೇ ಕಣ್ಣಿಗೆ ತುಂಬುತ್ತವೆ. ಆದರೆ ರಹೀಮ್ ಸಾಹೇಬರು ದುಡಿದುದು ಕಾಚಿಗುಡದ ಮಿಡ್ಲ್ ಸ್ಕೂಲು, ಉರ್ದು ಶರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ ಇವುಗಳಲ್ಲಿ. ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದು ಕಡೆಯ ಎರಡು ಶಾಲೆಗಳಲ್ಲಿ ಆಟಗಳ ಉಸ್ತುವಾರಿ ವಹಿಸಿದರು. ಕಾಚಿಗುಡ ಎಂದರೆ ನಮ್ಮವರಿಗೆ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ನೆನಪಾಗುತ್ತವೆ. ಅದೇ ಕಾಚಿಗುಡದಲ್ಲಿ ಹಿಂದೆ ಈ ಮಾಸ್ತರರೂ ಪಾಠ ಹೇಳುತ್ತಿದ್ದರೆಂಬುದನ್ನು ಎಷ್ಟು ಜನ ಬಲ್ಲರು?

ಇವರ ಪದ್ಧತಿ ವಿಶೇಷವಾದುದು. ಹುಡುಗರಿಗೆಂದು ಪಂದ್ಯಾವಳಿಗಳನ್ನು ಏರ್ಪಡಿಸುತ್ತಿದ್ದರು, ಆದರೆ ನಿಯಮಗಳನ್ನು ಬದಲಿಸಿ. ಒಂದು ಪಂದ್ಯದಲ್ಲಿ ಚೆಂಡನ್ನು ಕಾಲಲ್ಲೇ ಆಡಿಸಿಕೊಂಡು ಓಡಕೂಡದು, ಜೊತೆಗಾರನಿಗೆ ದಾಟಿಸಲೇಬೇಕು. ಮತ್ತೊಂದರಲ್ಲಿ ಯಾವ ಕಾಲು ದುರ್ಬಲವೋ ಆ ಕಾಲಿನಿಂದಲೇ ಒದೆಯಬೇಕು. ಇದಕ್ಕೆ ಬೇಕಾದುದು ಒಂದು ಬಯಲು, ಒಂದು ಚೆಂಡು, ಒಬ್ಬ ಮಾಸ್ತರ. ಹಣದ ಮಾತೇ ಬರುವುದಿಲ್ಲ. ಇವರು ೧೯೫೦ರಿಂದ ೧೯೬೩ರಲ್ಲಿ ತೀರಿಕೊಳ್ಳುವವರೆಗೆ ಭಾರತದ ತಂಡಕ್ಕೆ ಗುರುವಾಗಿದ್ದರು. ೧೯೫೧ರಲ್ಲಿ ದಿಲ್ಲಿಯಲ್ಲಿ, ೧೯೬೨ರಲ್ಲಿ ಜಕಾರ್ತಾದಲ್ಲಿ ಏಷ್ಯಾ ಕ್ರೀಡೆಗಳ ಚಿನ್ನ ಬಂದಿತು. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ. ಇವರೇ ಪಳಗಿಸಿದ ಹೈದರಾಬಾದು ಪೊಲೀಸ್ ತಂಡ ೧೯೫೦ರಿಂದ ೧೯೫೪ರವರೆಗೆ ಐದು ವರ್ಷ ಎಡೆಬಿಡದೆ ರೋವರ್ಸ್ ಕಪ್ ಗೆದ್ದಿತು.

ಈ ಚರಿತ್ರೆ ನಮ್ಮ ಬಾಗಿಲಿಗೇ ಬಂದು ಮುಟ್ಟುತ್ತದೆ. ಮಲ್ಕಾಜ್‌ಗಿರಿ ಸ್ಟೇಷನ್ನಿನಿಂದ ಬೊಲಾರಂ ಕಡೆಗೆ ಹೋಗುವ ರೈಲುದಾರಿಯಲ್ಲಿ ಸಫಿಲ್‌ಗುಡ ದಾಟಿದ ಮೇಲೆ ಅಮ್ಮುಗುಡ ಎಂಬ ಸ್ಟೇಷನ್ ಇದೆ. ತುಳಸೀದಾಸ ಬಲರಾಮ್ ಹುಟ್ಟಿದ್ದು ಆ ಅಮ್ಮುಗುಡದಲ್ಲಿ, ದಂಡಿನ ಪ್ರದೇಶದ ಒಂದು ಬಡ ತಮಿಳು ಮನೆಯಲ್ಲಿ. ರಹೀಮ್ ಸಾಹೇಬರ ಕಣ್ಣಿಗೆ ಬಿದ್ದು ಮುಂದೆ ಬಂದ ಈ ಹುಡುಗ ಮೆಲ್ಬರ್ನಿಗೆ ಹೋದ. ೧೯೬೦ರಲ್ಲಿ ರೋಮಿನ ಒಲಿಂಪಿಕ್ಸಿನಲ್ಲಿ ಹಂಗೆರಿಯ ಮೇಲೂ ಪೆರುವಿನ ಮೇಲೂ ಗೋಲು ಹೊಡೆದ. ಜಕಾರ್ತಾದ ಚಿನ್ನದ ತಂಡದಲ್ಲಿ ಆಡಿದ. ಅರ್ಜುನ ಪ್ರಶಸ್ತಿಯೂ ಬಂದಿತು. ಅವರು ತೀರಿಕೊಂಡದ್ದು ೨೦೨೩ರಲ್ಲಿ. ಬೇರೆ ಭಾಷೆಯ ಮನೆಯೊಂದರ ಹುಡುಗ ಈ ಊರಿನ ಬಯಲಿನಿಂದ ರೋಮ್ ನಗರದವರೆಗೆ ಹೋದನೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕಾದವರು ನಾವೇ ಅಲ್ಲವೆ? ಹೈದರಾಬಾದಿನ ಫುಟ್‌ಬಾಲು ಮುಂದೆ ಕುಂದಿದುದಕ್ಕೆ ತಿಳಿದವರು ಹಲವು ಕಾರಣಗಳನ್ನು ಹೇಳುತ್ತಾರೆ. ಬರಿಗಾಲಿನ ಹುಡುಗರು ಆಡುತ್ತಿದ್ದ ಬಯಲುಗಳು ಮಾಯವಾದುದು ಅವುಗಳಲ್ಲಿ ಒಂದೆಂದು ನಮ್ಮ ನಂಬಿಕೆ.

ನಮ್ಮವರು ಈ ಭಾಗಕ್ಕೆ ಬಂದ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ೧೯೫೬ರ ನವೆಂಬರ್ ೧ರಂದು ಹೈದರಾಬಾದು ರಾಜ್ಯ ಮೂರು ಪಾಲಾಗಿ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದುವು; ಪಟ್ಟಣದಲ್ಲಿದ್ದ ಕನ್ನಡಿಗರು ಒಂದೇ ರಾತ್ರಿಯಲ್ಲಿ ಹೊರನಾಡಿನವರಾದರು. ಹತ್ತು ವರ್ಷದ ಮೇಲೆ, ೧೯೬೬ರ ಅಕ್ಟೋಬರ್ ೨ರಂದು, ದಕ್ಷಿಣ ಮಧ್ಯ ರೈಲ್ವೆ ಸಿಕಂದರಾಬಾದಿನಲ್ಲಿ ಸ್ಥಾಪನೆಯಾಯಿತು. ಹುಬ್ಬಳ್ಳಿ ವಿಭಾಗ ೨೦೦೩ರವರೆಗೂ ಅದರಲ್ಲಿಯೇ ಇದ್ದುದರಿಂದ ಆ ಕಡೆಯ ನೌಕರರಿಗೆ ಇಲ್ಲಿಗೆ ವರ್ಗವಾಗುವುದು ಸಾಮಾನ್ಯವಾಗಿತ್ತು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದು ೨೦೧೭ರಲ್ಲಿ ದೊಡ್ಡ ಬ್ಯಾಂಕಿನಲ್ಲಿ ಲೀನವಾಗುವವರೆಗೆ ಕಲಬುರ್ಗಿ, ಬೀದರದ ಶಾಖೆಗಳಿಂದ ಎಷ್ಟೋ ಗುಮಾಸ್ತರನ್ನು ಈ ಪಟ್ಟಣಕ್ಕೆ ತಂದಿತು. ಈಚೆಗೆ ಕಂಪ್ಯೂಟರ್ ಕೆಲಸದವರು ಬಂದರು. ರೈಲ್ವೆ ಕಾಲೊನಿಗಳಲ್ಲಿ ಬೆಳೆದ ಹಿರಿಯರಿಗೆ ಆಟದ ಮೈದಾನ ಮನೆಯ ಹಿತ್ತಲಿನಂತೆ ಇದ್ದಿತು. ಅವರ ಮೊಮ್ಮಕ್ಕಳು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಾರುಗಳ ನಡುವೆ, ಚೆಂಡು ಪುಟಿಸುತ್ತಾರೆ. ಪುಟಿಸಿದರೆ ಸಂಘದ ಕಾರ್ಯದರ್ಶಿಗಳಿಗೆ ದೂರು ಬರುತ್ತದೆ. ಕನ್ನಡ ಸಂಘದ ಕಾರ್ಯದರ್ಶಿಗಳಿಗಲ್ಲ, ಅಪಾರ್ಟ್‌ಮೆಂಟಿನವರಿಗೆ!

ಪರದೇಶಗಳಲ್ಲಿ ಈ ಪ್ರಶ್ನೆಯನ್ನು ಬಿಡಿಸಿದ ಬಗೆಯನ್ನೂ ನೋಡಬಹುದು. ಇಂಗ್ಲೆಂಡಿನಲ್ಲಿ ಹೆನ್ರಿ ಮಾರಿಸ್ ಎಂಬ ಶಿಕ್ಷಣಾಧಿಕಾರಿಗಳು ೧೯೨೪ರಲ್ಲಿ ಒಂದು ಯೋಜನೆ ಬರೆದರು. ಹಳ್ಳಿಯ ಶಾಲೆ ಮಕ್ಕಳಿಗೆ ಮಾತ್ರವಲ್ಲ, ಇಡೀ ಸುತ್ತಿನ ಜನರಿಗೆ ವಿದ್ಯಾಲಯ, ಪುಸ್ತಕಾಲಯ, ಆಟದ ಬಯಲು ಆಗಬೇಕೆಂಬುದು ಅದರ ಸಾರ. ೧೯೩೦ರಲ್ಲಿ ಸಾಸ್ಟನ್ ಎಂಬ ಊರಿನಲ್ಲಿ ಅಂಥ ಮೊದಲನೆಯ ವಿದ್ಯಾಲಯ ತೆರೆಯಿತು. ಆ ದೇಶದಲ್ಲಿಯೇ ೧೯೨೫ರಲ್ಲಿ ಹುಟ್ಟಿದ ಆಟದ ಬಯಲುಗಳ ಸಂಸ್ಥೆಯೊಂದು ಸಾವಿರ ಜನಸಂಖ್ಯೆಗೆ ಆರು ಎಕರೆ ಬಯಲು ಬೇಕೆಂದು ಅಳತೆ ಹಾಕಿತು. ಸಾವಿರ ಜನಕ್ಕೆ ಆರು ಎಕರೆ! ನಮ್ಮ ಒಂದು ಬೀದಿಯಲ್ಲಿ ಸಾವಿರ ಜನ ಇದ್ದಾರೆ. ಆ ಲೆಕ್ಕ ನಮಗೆ ಕನಸಿನಲ್ಲಿಯೂ ಕೂಡುವುದಿಲ್ಲ. ಆದುದರಿಂದ ಇರುವ ಒಂದು ಎಕರೆ ಕಾರ್ಖಾನೆಯ ಕೂಲಿಯಂತೆ ಎರಡು ಪಾಳಿ ದುಡಿಯಬೇಕು: ಹಗಲು ಶಾಲೆಗೆ, ಬೆಳಗು ಸಂಜೆ ಊರಿಗೆ.

ಅಮೆರಿಕದ ಫ್ಲಿಂಟ್ ಎಂಬ ಮೋಟಾರು ಕಾರ್ಖಾನೆಗಳ ಊರಿನ ಕಥೆ ಇನ್ನೂ ಸ್ವಾರಸ್ಯವಾದುದು. ಕೆಲಸವಿಲ್ಲದ ದುರ್ಭಿಕ್ಷದ ದಿನಗಳು. ಶಾಲೆಗಳ ವ್ಯಾಯಾಮ ಶಿಕ್ಷಣದ ಮೇಲ್ವಿಚಾರಕರಾಗಿದ್ದ ಫ್ರ್ಯಾಂಕ್ ಮ್ಯಾನ್ಲಿ ೧೯೩೫ರಲ್ಲಿ ರೋಟರಿ ಕ್ಲಬ್ಬಿನಲ್ಲಿ ಮಾತನಾಡುತ್ತಾ, ಮಕ್ಕಳು ಬೀದಿಯಲ್ಲಿರುವಾಗ ಶಾಲೆಗಳ ಬಾಗಿಲು ಮುಚ್ಚಿರುವುದು ಏಕೆಂದು ಕೇಳಿದರು. ಕೇಳುತ್ತಿದ್ದವರಲ್ಲಿ ಚಾರ್ಲ್ಸ್ ಸ್ಟುವರ್ಟ್ ಮಾಟ್ ಎಂಬ ಸಾಹುಕಾರರು ಒಬ್ಬರು. ಅವರ ಧರ್ಮನಿಧಿಯಿಂದ ೬,೦೦೦ ಡಾಲರು ಬಂದಿತು. ಐದು ಶಾಲೆಗಳು ಸಂಜೆ ತೆರೆದುವು. ಗಮನಿಸಬೇಕಾದ ಮಾತೆಂದರೆ, ಆ ಹಣದಿಂದ ಹೊಸ ಕಟ್ಟಡವನ್ನೇನೂ ಕಟ್ಟಲಿಲ್ಲ. ಇದ್ದ ಶಾಲೆಗಳನ್ನೇ ಪಾಠ ಮುಗಿದ ಮೇಲೆ ತೆರೆದಿಟ್ಟು ನಡೆಸಿದರು. ಕೆಲವು ವರ್ಷಗಳಲ್ಲಿ ಇತರ ಊರಿನವರು ಅದನ್ನು ನೋಡಿ ಕಲಿಯಲು ಬರತೊಡಗಿದರು.

ಅಷ್ಟು ದೂರ ಹೋಗುವುದೇಕೆ? ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಬಯಲಿನಲ್ಲಿ ಶ್ರೀರಾಮ ಸೇವಾ ಮಂಡಲಿಯವರು ನಡೆಸುವ ರಾಮೋತ್ಸವ ಸಂಗೀತವನ್ನು ಕೇಳದ ಬೆಂಗಳೂರಿಗರು ಕಡಿಮೆ. ಮಂಡಲಿ ಆರಂಭವಾದುದು ೧೯೩೯ರಲ್ಲಿ. ಶಾಲೆಯ ಬಯಲು ಊರಿನ ಸೊತ್ತೆಂಬ ಭಾವನೆ ಜನರಲ್ಲಿ ಬೇರೂರಲು ಇಂಥ ಪರಿಪಾಠ ಬೇಕು. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು ೧೯೯೭ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಅಂದು ಬಂದವು ೬೦ ಮನೆತನಗಳು. ೨೦೨೪ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ ೩೬೦ ತಂಡಗಳು. ಪ್ರತಿ ವರ್ಷವೂ ಒಂದೊಂದು ಮನೆತನ ಆತಿಥ್ಯ ವಹಿಸಿ, ಯಾವ ಊರಿನಲ್ಲಿ ಪಂದ್ಯವೋ ಆ ಊರಿನ ಬಯಲನ್ನು ಸಮಮಾಡಿಸಿ, ಗೋಲು ನಿಲ್ಲಿಸಿ, ನೋಡುವವರಿಗೆ ಮೆಟ್ಟಿಲು ಕಟ್ಟಿಸುತ್ತದೆ. ಪೊನ್ನಂಪೇಟೆಯ ಜೂನಿಯರ್ ಕಾಲೇಜಿನ ಬಯಲಿನಂಥ ವಿದ್ಯಾಸಂಸ್ಥೆಗಳ ಬಯಲುಗಳಲ್ಲಿಯೇ ಇದು ನಡೆದಿದೆ. ೨೦೧೮ರ ಭೂಕುಸಿತದಿಂದಲೂ ಅನಂತರ ಕೊರೋನಾದಿಂದಲೂ ನಾಲ್ಕು ವರ್ಷ ನಿಂತುಹೋಗಿ ೨೦೨೩ರಲ್ಲಿ ಪುನಃ ಆರಂಭವಾದಾಗ ಮೊದಲಿಗಿಂತ ಹೆಚ್ಚು ತಂಡಗಳು ಬಂದುವು. ಬಯಲಿಗೆ ಒಂದು ಮನೆತನದ ಹೆಸರು, ಒಂದು ಮನೆತನದ ಮಾನ ಅಂಟಿಕೊಂಡಿರುವುದೇ ಅದರ ಗುಟ್ಟು. ಹಳೆಯ ಗರಡಿಯ ಕ್ರಮವೂ ಹೆಚ್ಚು ಕಡಿಮೆ ಇದೇ ಆಗಿತ್ತು.

ಶಾಲೆಯವರ ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ಬಯಲನ್ನು ಬಿಟ್ಟುಕೊಟ್ಟು ಕಷ್ಟಪಟ್ಟ ಮುಖ್ಯೋಪಾಧ್ಯಾಯರು ಬೇಕಾದಷ್ಟು ಮಂದಿ ಇದ್ದಾರೆ. ಮದುವೆಗೆ ಕೇಳಿ ಪಡೆದವರು ಚಪ್ಪರದ ಗುಣಿಗಳನ್ನು ಹಾಗೆಯೇ ಬಿಟ್ಟು ಹೋಗುತ್ತಾರೆ. ಸೋಮವಾರ ಮಗುವೊಂದು ಕಾಲು ಉಳುಕಿಸಿಕೊಳ್ಳುತ್ತದೆ. ಸಭೆಗೆ ಬಂದವರು ಲಾರಿಗಳನ್ನು ಒಳಗೆ ಬಿಡುತ್ತಾರೆ. ಕತ್ತಲಾದ ಮೇಲೆ ಬರುವವರು ಬಾಟಲಿ ಒಡೆಯುತ್ತಾರೆ. ಯಾರಿಗಾದರೂ ಪೆಟ್ಟಾದರೆ ಪೊಲೀಸರು ಹುಡುಕುವುದು ಆಡಿದವರನ್ನಲ್ಲ, ಚಾಬಿ ಇಟ್ಟುಕೊಂಡವರನ್ನು. ಬೀಗ ಹಾಕುವುದು ಅವರ ದುರುದ್ದೇಶದಿಂದಲ್ಲ, ಅನುಭವದಿಂದ. ಊರಿನ ಉಪಯೋಗವೆಂದರೆ ಬಯಲನ್ನು ಯಾರಿಗೆ ಬೇಕಾದರೂ ಯಾವುದಕ್ಕೆ ಬೇಕಾದರೂ ಬಿಡುವುದೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು ತಪ್ಪು.

ಕಾನೂನು ಏನು ಹೇಳುತ್ತದ? ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆ ಶಾಲೆಗೆ ಆಟದ ಬಯಲು ಇರಬೇಕೆಂದು ತನ್ನ ಅನುಸೂಚಿಯಲ್ಲಿ ಹೇಳಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಾಠವಿಲ್ಲದ ವೇಳೆಯಲ್ಲಿ ಶಾಲೆಯ ಸೌಲಭ್ಯಗಳನ್ನು ಸಮಾಜದ ಉಪಯೋಗಕ್ಕೆ ಬಳಸಬಹುದೆಂದು ಸೂಚಿಸಿದೆ. ತೆಲಂಗಾಣ ಸರಕಾರ ೨೦೨೨ರಲ್ಲಿ ಊರೂರಿಗೆ ಕ್ರೀಡಾ ಪ್ರಾಂಗಣಗಳ ಯೋಜನೆಯನ್ನು ಆರಂಭಿಸಿತು. ಆದರೆ ಮಲ್ಕಾಜ್‌ಗಿರಿಯಂಥ ಕಡೆ ಹೊಸ ಬಯಲನ್ನು ಆಕಾಶದಿಂದ ಇಳಿಸಬೇಕೇ ಹೊರತು ನೆಲದಲ್ಲಿಲ್ಲ. ಹಣದ ಮಾತಿಗೆ ಬಂದರೆ, ೨೦೧೮ರಲ್ಲಿ ಬಂದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರಕಾರಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ ೫,೦೦೦, ಹಿರಿಯ ಪ್ರಾಥಮಿಕಕ್ಕೆ ೧೦,೦೦೦, ಪ್ರೌಢಶಾಲೆಗೆ ೨೫,೦೦೦ ರೂಪಾಯಿಯವರೆಗೆ ಆಟದ ಸಾಮಾನಿಗೆಂದು ಗೊತ್ತುಮಾಡಿದರು. ಹೆಚ್ಚಿನದನ್ನೇ ಹಿಡಿದರೂ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಅದರಲ್ಲಿ ಚೆಂಡು ಬಂದೀತು, ಬಲೆ ಬಂದೀತು. ಕಾವಲುಗಾರನ ಸಂಬಳ ಬಾರದು.

ಬಯಲಿನ ಜೀರ್ಣೋದ್ಧಾರದಲ್ಲಿ ಜನ ಎಡವುವುದು ಇಲ್ಲಿಯೇ ಎಂದು ನಾವು ತಿಳಿಯುತ್ತೇವೆ. ಕಟ್ಟುವ ಖರ್ಚು ಒಮ್ಮೆ ಬರುತ್ತದೆ, ಕಾಯುವ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಮೊದಲನೆಯದಕ್ಕೆ ದಾನಿಗಳು ಸಿಕ್ಕುತ್ತಾರೆ, ಕಲ್ಲಿನಲ್ಲಿ ಹೆಸರು ಕೆತ್ತುತ್ತಾರೆ. ಎರಡನೆಯದಕ್ಕೆ ಯಾರೂ ಇಲ್ಲ. ಆ ಬಳೆ ಕಳಚಿದ ಕಂಬವನ್ನು ನಿಲ್ಲಿಸಿದವರ ಹೆಸರು ಅದರ ಬುಡದಲ್ಲಿ ಇನ್ನೂ ಇದೆ.

ಈ ವರ್ಷ ಬೇರೊಂದು ಶಾಲೆಯ ಮುಖ್ಯೋಪಾಧ್ಯಾಯಿನಿಯವರು ನಮ್ಮ ಮಾತನ್ನು ಕೇಳಲು ಒಪ್ಪಿದರು. ನಾವು ಹೋಗುವಾಗ ಸಿಂಥೆಟಿಕ್ ನೆಲ, ದೀಪದ ಕಂಬಗಳು ಎಂದೆಲ್ಲ ದೊಡ್ಡ ಪಟ್ಟಿ ಮಾಡಿಕೊಂಡು ಹೋಗಿದ್ದೆವು. ಆ ತಾಯಿಯವರು ಪಟ್ಟಿಯನ್ನು ಮೇಜಿನ ಮೇಲಿಟ್ಟು, ಮಳೆಗಾಲದಲ್ಲಿ ಬಯಲಿನ ನೀರು ಎಲ್ಲಿಗೆ ಹೋಗುತ್ತದೆಂದು ನೋಡಿದ್ದೀರಾ ಎಂದು ಕೇಳಿದರು. ನೋಡಿರಲಿಲ್ಲ. ಜುಲೈ ತಿಂಗಳಲ್ಲಿ ಒಂದು ಮಳೆ ನಿಂತ ಕೂಡಲೇ ಹೋಗಿ ನೋಡಿದೆವು. ನೀರೆಲ್ಲ ನಟ್ಟನಡುವೆ ನಿಂತಿತ್ತು. ಸಂಘದಲ್ಲಿದ್ದ ನಿವೃತ್ತ ರೈಲ್ವೆ ಇಂಜಿನಿಯರರು ಒಬ್ಬರು ಸೂತ್ರ ಹಿಡಿದು ಅಳೆದು, ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟು, ಅಂಚಿನಲ್ಲಿ ಕಾಲುವೆ ತೆಗೆದು, ಮೇಲೆ ಮೊರಂ ಹರಡಿ ನೀರು ಹಾಕಿ ರೋಲರು ಎಳೆಯಿಸಿದರೆ ಸಾಕು, ಉಳಿದುದೆಲ್ಲ ಆಮೇಲೆ ಎಂದರು. ಪಟ್ಟಿಯಲ್ಲಿದ್ದ ದೊಡ್ಡ ಬಾಬುಗಳನ್ನು ಹೊಡೆದುಹಾಕಿದೆವು. ಒಂದು ವಾಲಿಬಾಲ್ ಅಂಕಣ, ಒಂದು ಕಬಡ್ಡಿ ಅಂಕಣ, ಹಳೆಯ ಕಂಬಕ್ಕೆ ಹೊಸ ಬಳೆ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯದ ಬೀಗ ದುರಸ್ತಿ, ಇಷ್ಟು ಉಳಿಯಿತು. ಶೌಚಾಲಯದ ಬಾಬನ್ನು ಸೇರಿಸಿದವರು ನಮ್ಮ ಸಂಘದ ಮಹಿಳಾ ಸದಸ್ಯರು. ಗಂಡಸರಾದ ನಮಗೆ ಅದು ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಒಪ್ಪಂದದ ಕಾಗದ ಬರೆಯುವುದು ನಮ್ಮ ಪಾಲಿಗೆ ಬಂದಿತು. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇಂಥದು ತಪ್ಪಿದ್ದಲ್ಲ. ಶಾಲೆಯವರೂ ಬಡಾವಣೆಯವರೂ ಕೂಡಿ ಸಹಿ ಹಾಕಿದ ಹೊರತು ಹಣ ಹೊರಡದಂತೆ ಜಂಟಿ ಖಾತೆ. ಬಂದ ದೇಣಿಗೆಯಲ್ಲಿ ಅರ್ಧವನ್ನು ಠೇವಣಿ ಇಟ್ಟು, ಅದರ ಬಡ್ಡಿಯಿಂದ ಕಾವಲುಗಾರನಿಗೆ ಭಾನುವಾರದ ಭತ್ಯ. ಬೆಳಿಗ್ಗೆ ಐದೂವರೆಯಿಂದ ಏಳೂವರೆ ಹಿರಿಯರಿಗೆ, ಸಂಜೆ ಐದರಿಂದ ಏಳು ಮಕ್ಕಳಿಗೆ; ವಾರಕ್ಕೆ ಎರಡು ಸಂಜೆ ಹೆಣ್ಣುಮಕ್ಕಳಿಗೆ ಮೊದಲ ಹಕ್ಕು. ಮದುವೆ, ಸಭೆ, ವಾಹನ ನಿಲುಗಡೆ ಯಾವುದಕ್ಕೂ ಕೊಡತಕ್ಕದ್ದಲ್ಲ. ನಮ್ಮ ರಾಜ್ಯೋತ್ಸವದ ಪೆಂಡಾಲಿಗೂ ಇಲ್ಲ. ಈ ಕಡೆಯ ಮಾತಿಗೆ ಸಂಘದಲ್ಲಿ ಸ್ವಲ್ಪ ವಾದವಾಯಿತು. ಶಾಲೆಯ ಮಕ್ಕಳಾಗಲಿ ಬಡಾವಣೆಯ ಮಕ್ಕಳಾಗಲಿ, ತೆಲುಗರಾಗಲಿ ಕನ್ನಡಿಗರಾಗಲಿ ಭೇದವಿಲ್ಲವೆಂದು ಬರೆದಾಗ ಮಾತ್ರ ಯಾರೂ ವಾದಿಸಲಿಲ್ಲ.

ಮೊರಂ ಎರಡು ಲಾರಿ ಬಂದು ಬಿದ್ದಿದೆ. ದಸರೆಯ ರಜೆಯಲ್ಲಿ ಅದನ್ನು ಹರಡಲು ಹೋದಾಗ, ಹೋದ ವರ್ಷ ಬೀದಿಯಲ್ಲಿ ಆಡುತ್ತಿದ್ದ ಹುಡುಗರಲ್ಲಿ ಮೂವರು ಯಾರೂ ಕರೆಯದೆ ಬಂದು ಬುಟ್ಟಿ ಹಿಡಿದರು. ಗೇಟಿಗೆ ಈಗ ಎರಡು ಚಾಬಿಗಳಿವೆ; ಒಂದು ಶಾಲೆಯಲ್ಲಿ, ಒಂದು ತಿಂಗಳ ಸರದಿಯ ಮೇಲೆ ಬಡಾವಣೆಯವರ ಮನೆಯಲ್ಲಿ. ನವೆಂಬರ್ ತಿಂಗಳ ಸರದಿ ನಮ್ಮದು. ಎರಡನೆಯ ಚಾಬಿ ಮಾಡಿಸಲು ಅರವತ್ತು ರೂಪಾಯಿ ತಗುಲಿತು. ಅದರ ರಸೀತಿ ಖಜಾಂಚಿಯವರಲ್ಲಿದೆ.